ಮಾನಪ್ಪ ಕೂತ ದಿನ

ದಾರ ಕೆಲಸಕ್ಕೆ ಇಳಿದಿತ್ತು. ಗದಗಿನ ಪುಟ್ಟ ಆಸ್ಪತ್ರೆಯೊಂದರಲ್ಲಿ ಮಗ್ಗುಲಾಗಿ ಮಲಗಿದ್ದ ಮಾನಪ್ಪ ಬಡಿಗೇರನಿಗೆ ಅದು ಕಾಣುವಂಥ ಜಾಗದಲ್ಲಿರಲಿಲ್ಲ. ಕಂಡದ್ದು ಎದುರಿನ ಪರದೆ ಮಾತ್ರ. ಅಲ್ಲಿ ಅವನ ಗುದದ ಬಳಿಯ ಗಂಟು ಕೆಂಪಗೆ, ಸುತ್ತಲಿನ ಆರೋಗ್ಯವಾದ ಮಾಂಸ ಹಸಿರಾಗಿ ತೋರುತ್ತಿತ್ತು. ಎರಡರ ನಡುವೆ ತೆಳ್ಳಗಿನ ಹಳದಿ ಗೆರೆ. ಅದೇ ದಾರ.

'ಏನೂ ಅನಸವಲ್ದಲ್ರಿ, ಡಾಕ್ಟರ,' ಎಂದ ಮಾನಪ್ಪ ಅನುಮಾನದಿಂದ. 'ಕಟ್ಟೀರಿ ಹೌದಿಲ್ಲೋ?'

'ಕಟ್ಟೀನ್ರಿ. ನಿಮ್ಮದು ಏನು ಬ್ಯಾನಿ ಅಂತ ಅದು ಮುಟ್ಟಿ ನೋಡಾಕತ್ತೈತಿ. ಸುಮ್ಮನ ಮಲಕೋರಿ,' ಎಂದರು ಡಾ. ಮೆಹಜಬೀನ್ ನದಾಫ್.

ಕ್ಷಾರಸೂತ್ರ ಆಯುರ್ವೇದಕ್ಕೆ ಹೊಸದಲ್ಲ. ದಾರಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಬೂದಿಯಿಂದ ತೆಗೆದ ಕ್ಷಾರ, ಅರಿಸಿನ ಇವನ್ನು ಮತ್ತೆ ಮತ್ತೆ ಸವರಿ ಒಣಗಿಸಿ, ಗಂಟಿನ ಬುಡಕ್ಕೆ ಬಿಗಿಯುತ್ತಾರೆ. ರಕ್ತ ಸಿಗದ ಗಂಟು ಬಾಡಿ ಉದುರಿಹೋಗುತ್ತದೆ. ಆದರೆ ಹಳೆಯ ದಾರಕ್ಕೆ ಕಣ್ಣಿರಲಿಲ್ಲ. ಕೆಟ್ಟ ಮಾಂಸ ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ, ಹಾಗಾಗಿ ನೋವೂ ಇತ್ತು. ಹತ್ತಿ ಹಿಂಜುವವರ ಮನೆತನದಲ್ಲಿ ಹುಟ್ಟಿದ ಮೆಹಜಬೀನ್ ಆ ನೂಲಿನ ಜೊತೆಗೆ ಇನ್ನೊಂದು ಎಳೆ ಹೊಸೆದರು. ರಕ್ತದ ಬಡಿತವನ್ನೂ ಜೀವಕೋಶದ ಗುಣವನ್ನೂ ಅರಿಯುವ ಎಳೆ ಅದು. ಗಂಟಿನಲ್ಲಷ್ಟೇ ಕ್ಷಾರ ಬಿಟ್ಟು, ಒಳ್ಳೆಯ ಮಾಂಸ ತಾಕಿದೊಡನೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೂ ಮೊದಲು, ಇದು ಮೂಲವ್ಯಾಧಿಯೋ ಅಥವಾ ಆ ವೇಷದಲ್ಲಿ ಬಂದ ಕ್ಯಾನ್ಸರೋ ಎಂಬುದನ್ನು ಹೇಳುತ್ತಿತ್ತು.

ಮಾನಪ್ಪ ಕಾಯುತ್ತಿದ್ದುದು ಆ ಉತ್ತರಕ್ಕೆ. ಅವನ ಅಣ್ಣ ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದೇ ತಿಳಿದು, ಯಾರಿಗೂ ಹೇಳದೆ ಮಜ್ಜಿಗೆ ಕುಡಿದುಕೊಂಡೇ ತೀರಿಹೋಗಿದ್ದ. ಅದು ಕ್ಯಾನ್ಸರ್ ಎಂದು ಮನೆಯವರಿಗೆ ಗೊತ್ತಾದದ್ದು ಎಲ್ಲ ಕೈಮೀರಿದ ಮೇಲೆ.

ಅಷ್ಟೆಲ್ಲ ಕಂಡಿದ್ದ ಮಾನಪ್ಪ ತಾನು ಮಾಡಿದ್ದೇನು? ಆ ಕಾಲಕ್ಕೆ ದುಡಿಮೆಯೆಲ್ಲ ಕೂತಲ್ಲೇ ನಡೆಯುತ್ತಿತ್ತು. ಅವನೂ ಗದಗಿನಲ್ಲಿ ಕೂತು ದೂರದ ಬಂದರಿನ ಕ್ರೇನನ್ನು ಪರದೆಯ ಮೇಲೆ ಓಡಿಸುವವನು. ಒಂದು ಬೆಳಿಗ್ಗೆ ರಕ್ತ ಕಂಡಿತು. ಮರುದಿನದಿಂದ ಕೂರುವುದೇ ಆಗಲಿಲ್ಲ. 'ನಿಂತ ಯಾಕ ಉಣ್ಣಾಕತ್ತೀರಿ?' ಎಂದು ಹೆಂಡತಿ ಕೇಳಿದಾಗ ಪುಣ್ಯಾತ್ಮ ಸರಾಗವಾಗಿ ಹೇಳಿಬಿಟ್ಟ: 'ಮೌನೇಶ್ವರಗ ಹರಕಿ ಹೊತ್ತೀನಿ. ಸನ್ನಿಧಿ ಮದುವಿ ಆಗೂತನಾ ನಾ ಕುಂದ್ರೂದಿಲ್ಲ.'

ಮಗಳಿಗಿನ್ನೂ ಗಂಡು ಹುಡುಕಿರಲಿಲ್ಲ, ಅಷ್ಟರೊಳಗೆ ವಾಸಿಯಾದೀತು ಎಂಬುದು ಅವನ ಲೆಕ್ಕ. ಆದರೆ ಸುದ್ದಿ ಓಣಿಯೆಲ್ಲ ಹಬ್ಬಿತು. ಹೆಂಗಸರು ಬಂದು ಕಾಲಿಗೆ ಬಿದ್ದರು. ಕಂಪನಿಯವರು ಭಕ್ತಿಯಿಂದ ಅವನ ಮೇಜನ್ನು ಎತ್ತರಿಸಿಕೊಟ್ಟರು. ಓಣಿಯ ಇನ್ನೂ ಕೆಲವು ಗಂಡಸರಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿ, ಅವರೂ ನಿಲ್ಲುವ ಹರಕೆ ಹೊತ್ತರು! ಕೊನೆಗೆ ಲಕ್ಷ್ಮೇಶ್ವರದ ಅಕ್ಕಸಾಲಿ ಕಾಳಪ್ಪ ಪತ್ತಾರರು, ಇಂಥ ತಂದೆಯ ಮಗಳೇ ತಮ್ಮ ಮನೆಗೆ ಸೊಸೆಯಾಗಬೇಕೆಂದು ತಾವಾಗಿ ಸಂಬಂಧ ಕೇಳಿಕೊಂಡು ಬಂದರು. ಹುಡುಗ ಹುಡುಗಿ ಒಪ್ಪಿದರು. ಮುಹೂರ್ತ ಹತ್ತಿರದಲ್ಲೇ ಸಿಕ್ಕಿತು. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆ ಮಣೆಯ ಮೇಲೆ ಕೂರಲೇಬೇಕು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ ಮಾನಪ್ಪ.

ಅವನನ್ನು ಮೇಲೆತ್ತಿದವಳು ಸನ್ನಿಧಿ. ಒಗೆಯಲು ಬಿದ್ದ ಬಟ್ಟೆ ಹಿಡಿದು ಎದುರು ನಿಂತಳು. 'ಅಪ್ಪಾ, ಹರಕಿ ಹೊತ್ತವರ ಧೋತರಕ್ಕ ರಕ್ತ ಹತ್ತೂದಿಲ್ಲ. ದೊಡ್ಡಪ್ಪನ ಕಳಕೊಂಡದ್ದು ಸಾಕು. ನಡಿ ದವಾಖಾನಿಗೆ.'

ಈಗ ಪರದೆಯ ಹಳದಿ ಗೆರೆ ಒಮ್ಮೆ ಮಿನುಗಿ ನಿಂತಿತು. ಮೆಹಜಬೀನ್ ಕನ್ನಡಕ ತೆಗೆದರು. 'ಮೂಲವ್ಯಾಧಿನರಿ. ಬ್ಯಾರೆ ಏನೂ ಇಲ್ಲ.'

ಮಾನಪ್ಪ ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟ. ಅಣ್ಣನಿಗಾಗಿ ಅತ್ತನೋ ತನ್ನ ಜೀವ ಉಳಿಯಿತೆಂದು ಅತ್ತನೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕೇಳಿದ: 'ಮತ್ತ ನಮ್ಮಣ್ಣ ಮಜ್ಜಿಗಿ ಕುಡದದ್ದು ತಪ್ಪೇನ್ರಿ?'

'ಮಜ್ಜಿಗಿ ತಪ್ಪಲ್ರಿ, ಸುವರ್ಣಗಡ್ಡಿನೂ ತಪ್ಪಲ್ಲ. ನಾನೂ ನಿಮಗ ಅವನ್ನ ಕೊಡಾಕಿನ. ಏನು ಬ್ಯಾನಿ ಅಂತ ತೋರಿಸದ ಕುಡದರಲ್ಲ, ಅದು ತಪ್ಪು.'

ಗಂಟು ಬಾಡಿ ಬಿತ್ತು. ಗಾಯ ಆರಿತು. ಮದುವೆಯ ದಿನ ಮಾನಪ್ಪ ಮಣೆಯ ಮುಂದೆ ಬಂದಾಗ ಮಂಟಪದಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವನು ಮೆಲ್ಲಗೆ ಮೊಣಕಾಲು ಮಡಚಿದ. ಕೂತ. ನೋವಿಲ್ಲ! ಚಕ್ಕಳಮಕ್ಕಳ ಹಾಕಿ ಕೂರುವುದು ಇಷ್ಟು ದೊಡ್ಡ ಸುಖವೆಂದು ಅವನಿಗೆ ಅಂದೇ ಗೊತ್ತಾದದ್ದು. ಜನ ಚಪ್ಪಾಳೆ ತಟ್ಟಿದರು. ಕಾಳಪ್ಪನವರು ಮೈಕ್ ಹಿಡಿದು ಹರಕೆಯ ಮಹಿಮೆ ಹೊಗಳತೊಡಗಿದರು.

ಮಾನಪ್ಪ ಮಗಳ ಮುಖ ನೋಡಿದ. ಹೇಳಿಬಿಡು ಎಂಬಂತೆ ಅವಳು ತಲೆಯಾಡಿಸಿದಳು. ಅವನು ಮೈಕ್ ಇಸಿದುಕೊಂಡ.

'ಹರಕಿ ಅಲ್ರಿ. ನನಗ ಮೂಲವ್ಯಾಧಿ ಆಗಿತ್ತು. ಹೇಳಾಕ ನಾಚಿಕಿ ಬಂತು, ದೇವರ ಹೆಸರಿನ ಮ್ಯಾಲ ಹಾಕಿದೆ. ದೇವರೂ ಬೀಗರೂ ಕ್ಷಮಿಸಬೇಕು. ಡಾಕ್ಟರ್ ಮೆಹಜಬೀನ್ ಬಾಯಾರು ಅಲ್ಲಿ ಕುಂತಾರ, ನನ್ನ ಕುಂದ್ರಿಸಿದವರು ಅವರು.'

ಕಾಳಪ್ಪನವರ ಮುಖ ಕೆಂಪೇರಿತು. ಸಂಬಂಧ ಮುರಿದೇ ಹೋಯಿತೆಂದುಕೊಂಡ ಮಾನಪ್ಪ. ಬೀಗರು ಹತ್ತಿರ ಬಂದು ಬಾಗಿ, ಅವನ ಕಿವಿಯಲ್ಲಿ ಕೇಳಿದರು: 'ಆ ಬಾಯಾರ ನಂಬರ್ ಕೊಡ್ರಿ. ಕುಲುಮಿ ಮುಂದ ಕುಂತು ಕುಂತು ನಂದೂ ಅದ ಪಾಡಾಗೇತಿ.' ಅವರು ಪಿಸುಗುಟ್ಟಿದ್ದು ಮಾನಪ್ಪನ ಕೈಯಲ್ಲೇ ಇದ್ದ ಮೈಕಿನಿಂದ ಇಡೀ ಮಂಟಪಕ್ಕೆ ಕೇಳಿಸಿತು. ಮೊದಲು ನಕ್ಕವಳು ಸನ್ನಿಧಿ. ಆಮೇಲೆ ನಗು ತಡೆಯುವವರೇ ಇರಲಿಲ್ಲ.

ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಓಣಿಯ ಹರಕೆದಾರರೆಲ್ಲ ಒಬ್ಬೊಬ್ಬರಾಗಿ ಮೆಹಜಬೀನರ ಸುತ್ತ ಸೇರಿದ್ದರು. ಮುಂದೆ ಅವರಲ್ಲೊಬ್ಬನಿಗೆ ದಾರ ಬೇರೆಯೇ ಉತ್ತರ ಕೊಟ್ಟಿತು: ಕ್ಯಾನ್ಸರ್. ಆದರೆ ಹೊತ್ತು ಮೀರಿರಲಿಲ್ಲ, ಅವನು ಬದುಕಿದ. ಮಾನಪ್ಪನಿಗೆ ಅಣ್ಣನ ನೆನಪಿನಲ್ಲಿ ಸಮಾಧಾನವೆಂಬುದು ಸಿಕ್ಕಿದ್ದು ಅಂದು.

ಮೆಹಜಬೀನರ ದಾರ ಹುಟ್ಟುವುದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ಮಾನಪ್ಪ ಮಣೆಯ ಮೇಲೆ ಕೂತು ಆಡಿದ ಮಾತಿಗೆ ಮಾತ್ರ ಯಾವ ಸಂಶೋಧನೆಯೂ ಬೇಕಿರಲಿಲ್ಲ. ಕುರ್ಚಿ ಖಾಲಿಯಿದ್ದರೂ ಕೂರದೆ ನಿಂತೇ ಇರುವವರು ಇವತ್ತು ನಿಮ್ಮ ಮನೆಯಲ್ಲೂ ಇರಬಹುದು. ಯಾಕೆಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ.