ನೀಲಿ ರೇಷ್ಮೆಯ ಲಿಂಗವಸ್ತ್ರ

ಕಾಲಿಗೆ ನೀರು ಹಾಕಿಕೊಳ್ಳಲು ಅವನು ಬಗ್ಗಿದಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತು. ಕೊರಳಿಗೆ ಕಟ್ಟಿದ್ದ ಇಷ್ಟಲಿಂಗ ಹೊರಗೆ ತೂಗಿತು.

ಅದರ ವಸ್ತ್ರ ನೀಲಿ ರೇಷ್ಮೆಯದು. ಮೇಲೆ ಬಿಳಿಯ ಸಣ್ಣ ಹೂಗಳು.

ತಂಬಿಗೆ ಹಿಡಿದು ನಿಂತಿದ್ದ ಶಿವಗಂಗೆಯ ಕೈ ಹಾಗೆಯೇ ನಿಂತುಬಿಟ್ಟಿತು.

"ಆರಾಮ ಅದೀರಿ?" ಕೇದಾರಿ ಮೆಲ್ಲಗೆ ಕೇಳಿದ. ಮೂರು ವರ್ಷದ ನಂತರದ ಮೊದಲ ಮಾತು.

"ಹೂಂ" ಎಂದಷ್ಟೇ ಹೇಳಿ ಅವಳು ಒಳಗೆ ನಡೆದಳು.

ಗೋಕಾಕದ ಕೇದಾರಿಗೂ ಹುಕ್ಕೇರಿಯ ಶಿವಗಂಗೆಗೂ ನಿಶ್ಚಯವಾದದ್ದು ಸಾವಿರದ ಒಂಬೈನೂರ ಮೂವತ್ಮೂರರಲ್ಲಿ. ಅದೇ ತಿಂಗಳು ಅವನು ನೂಲಿಗೆ ಬಣ್ಣ ಹಾಕುವ ವಿದ್ಯೆ ಕಲಿಯಲು ಜಪಾನಿನ ಕ್ಯೋಟೊ ಎಂಬ ಊರಿಗೆ ಹೊರಟ. ಹೊರಡುವಾಗ ಅವನ ಲಿಂಗವಸ್ತ್ರವನ್ನು ಹೊಲಿದುಕೊಟ್ಟವಳು ಇವಳೇ. ಕಾವಿ ಬಣ್ಣದ ಖಾದಿ, ಅಂಚಿಗೆ ಇರುವೆಸಾಲಿನಂಥ ಹೊಲಿಗೆ.

ಅಂಗಿ ಬದಲಾಗಲಿ, ಟೊಪ್ಪಿಗೆ ಬದಲಾಗಲಿ, ಅವಳು ಏನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ಇದು ಹಗಲು ರಾತ್ರಿ ಎದೆಗೆ ತಾಗಿಕೊಂಡೇ ಇರುವ ಬಟ್ಟೆ...

'ನನ್ನದು ಎಲ್ಲಿ ಹೋತು? ಇದನ್ನ ಕಟ್ಟಿದ ಕೈ ಯಾರದು?'

ಅಡುಗೆಮನೆಯಲ್ಲಿ ಚಿಗವ್ವ ಲಕ್ಕವ್ವ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ಲಗ್ನದ ತಯಾರಿಗೆಂದೇ ಮೂಡಲಗಿಯಿಂದ ಬಂದವಳು.

"ಏನವಾ, ಆಗೋ ಗಂಡ ಬಂದಾನಂದ್ರ ಮಾರಿ ಹಿಂಗ್ಯಾಕ?"

ಶಿವಗಂಗೆ ಉತ್ತರ ಕೊಡದೆ ಟ್ರಂಕಿನ ತಳದಿಂದ ಒಂದು ಫೋಟೋ ತೆಗೆದಳು. ಎರಡನೆಯ ವರ್ಷ ಕೇದಾರಿ ಕಳಿಸಿದ್ದು. ಅವನು ಉಳಿದುಕೊಂಡಿದ್ದ ಮನೆಯ ಮುದುಕ, ಮುದುಕಿ, ಪಕ್ಕದಲ್ಲಿ ಕೇದಾರಿ. ಮುಂದೆ ಕುಳಿತ ಒಬ್ಬ ಹುಡುಗಿ. ಅವಳ ಉಡುಪಿನ ತೋಳು ನೆಲ ಮುಟ್ಟುವಷ್ಟು ಉದ್ದ.

ಫೋಟೋದಲ್ಲಿ ಬಣ್ಣವಿರಲಿಲ್ಲ. ಆದರೆ ಅವಳ ತೋಳಿನ ಮೇಲಿನ ಹೂವು ಆ ನೀಲಿ ವಸ್ತ್ರದ್ದೇ. ಐದು ಎಸಳು, ನಡುವೆ ಒಂದು ಚುಕ್ಕೆ.

ಸಂಗತಿ ಕೇಳಿದ ಲಕ್ಕವ್ವ ಒರಳು ಬಿಟ್ಟು ಎದ್ದಳು. "ಪತ್ರದಾಗ ಈಕಿ ಹೆಸರು ಬರದಿದ್ನೇನು?"

"ಇಲ್ಲ... ಮನಿ ಮಂದಿ ಭಾಳ ಚಲೋ ಅದಾರ ಅಂತಷ್ಟ."

"ಮೂಡಲಗ್ಯಾಗ ಒಬ್ಬಾವ ಬರೇ ರೈಲು ಹತ್ತಿ ಮುಂಬೈಗೆ ಹೋಗಿ ಎರಡನೇ ಸಂಸಾರ ಹೂಡಿದ. ಇಂವ ಹಡಗಾ ಹತ್ತಿ ಹೋದಾವ."

ಊಟಕ್ಕೆ ಕುಳಿತಾಗ ಕೇದಾರಿ ತಾಟಿಗೆ ಕೈ ಜೋಡಿಸಿ ತಲೆಬಾಗಿದ. ಅವನ ಜೊತೆ ಬಂದಿದ್ದ ಕಾಕಾ ಕೆಂಚಪ್ಪ ಶಿವಗಂಗೆಯ ತಂದೆಯ ಕಡೆ ನೋಡಿ ನಕ್ಕ.

"ನೋಡ್ರಿ ಸೋಮಪ್ಪನವರ, ನಮ್ಮ ಹುಡುಗ ಈಗ ಹೋಳಿಗಿಗೂ ನಮಸ್ಕಾರ ಮಾಡ್ತಾನ."

"ಆ ಮನ್ಯಾಗ ರೂಢಿ ಆತು ಕಾಕಾ. ಮೀನಿನ ವಾಸನಿ ತಾಗಬಾರದಂತ ಆ ಮನಿ ಯಜಮಾನಿ ಉಮೆ, ನಾ ಉಮೆಯವ್ವ ಅಂತಿದ್ನಿ, ನನ್ನ ಅಡಗಿಗಂತ ಹೊಸಾ ಪಾತೇಲಿ ತಂದಿದ್ಲು. ಮುಂಜಾನೆ ಎದ್ದು ಬಾಗಿಲಾ ತಗದ್ರ, ಪೂಜಾಕ್ಕಂತ ಒಂದು ಬಟ್ಟಲ ನೀರು, ಒಂದು ಹೂ. ಪೂಜಾ ಯಾವ ದೇವರದು ಅಂತ ಆಕಿಗೆ ಗೊತ್ತಿರಲಿಲ್ಲ."

ಬಾಗಿಲ ಮರೆಯಲ್ಲಿ ಶಿವಗಂಗೆ ಎಲ್ಲವನ್ನೂ ಕೇಳಿದಳು. 'ತಾಯಿ ಮಾತು ಇಷ್ಟು. ಮಗಳದು ಒಂದೂ ಇಲ್ಲ...'

ಮರುದಿನ ಪೂಜೆ, ಫಳಾರ ಮುಗಿದ ಮೇಲೆ ಹಿರಿಯರು ಕುಳಿತು ಲಗ್ನದ ದಿನ ಗೊತ್ತುಮಾಡುವವರಿದ್ದರು. ವೀಳ್ಯ ಕೈ ಬದಲಾದರೆ ಮುಗಿಯಿತು, ಹಿಂದೆ ಸರಿಯುವ ಮಾತಿಲ್ಲ.

ಬೆಳಗಾಗುತ್ತಲೇ ಅವಳು ಹೊಸ ಕಾವಿ ಬಟ್ಟೆ ಕತ್ತರಿಸಿ ಒಂದು ಲಿಂಗವಸ್ತ್ರ ಹೊಲಿದಳು. ಅತಿಥಿಯ ಪೂಜೆಯ ತಟ್ಟೆಯಲ್ಲಿ ವಿಭೂತಿ, ಬಿಲ್ವದ ಪಕ್ಕ ಅದನ್ನು ಇಟ್ಟಳು. 'ಮನಸು ಚೊಕ್ಕ ಇದ್ರ ಬದಲಾಯಿಸ್ತಾನ.'

ಕೇದಾರಿ ಪೂಜೆ ಮುಗಿಸಿ ಹೊರಬಂದ. ಕೊರಳಲ್ಲಿ ಅದೇ ನೀಲಿ.

ಹೊಸ ವಸ್ತ್ರ ಮಡಿಕೆ ಕೂಡ ಬಿಚ್ಚದೆ ತಟ್ಟೆಯಲ್ಲಿಯೇ ಇತ್ತು.

ಅವಳು ನೇರ ತಂದೆಯ ಹತ್ತಿರ ಹೋದಳು. "ಅಪ್ಪಾ, ಇವತ್ತ ದಿನಾ ಗೊತ್ತ ಮಾಡಬ್ಯಾಡ್ರಿ. ನನಗ ಈ ಲಗ್ನ ಬ್ಯಾಡ."

ಸೋಮಪ್ಪ ಮಗಳ ಮುಖವನ್ನೇ ನೋಡಿದ. ಲಕ್ಕವ್ವ ಆಗಲೇ ಅವನ ಕಿವಿಗೆ ಸುದ್ದಿ ಮುಟ್ಟಿಸಿದ್ದಳು.

"ಅವನ್ನ ಕೇಳಿದಿ ಏನು?"

"ಏನಂತ ಕೇಳ್ಲಿ?"

"ಮನಸಿನ್ಯಾಗ ಇದ್ದದ್ದು. ಅಂವ ಹಿತ್ತಲದಾಗ ಅದಾನ. ನಾ ಎತ್ತಿಗೆ ನೀರು ಕುಡಿಸಿ ಬರ್ತೇನಿ... ಸಾವಕಾಶ ಬರ್ತೇನಿ."

ಎತ್ತುಗಳಿಗೆ ಅವನು ಬೆಳಿಗ್ಗೆಯೇ ನೀರು ಕುಡಿಸಿದ್ದ. ಅದು ಅವಳಿಗೂ ಗೊತ್ತಿತ್ತು.

ಕೇದಾರಿ ಬಿಲ್ವದ ಗಿಡದ ಕೆಳಗೆ ನಿಂತಿದ್ದ. ಲಕ್ಕವ್ವ ಕಸಬರಿಗೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು.

"ನಾ ಹೊಲದಿದ್ದು ಎಲ್ಲೈತ್ರಿ?" ಶಿವಗಂಗೆ ನೇರವಾಗಿ ಕೇಳಿದಳು.

ಅವನು ಬೆರಗಾಗಿ ನೋಡಿದ. "ಇಲ್ಲೇ ಐತಲ್ರಿ."

"ಅದು ನೀಲಿ ಅರಿವಿ. ಫೋಟೋದಾಗಿನ ಹುಡುಗೀದು. ನನಗೂ ಕಣ್ಣ ಅದಾವ."

ಅವನು ಎಡ ಅಂಗೈಯನ್ನು ಕೆಳಗೆ ಹಿಡಿದು, ನೀಲಿ ಚೀಲದ ದಾರ ಸಡಿಲಿಸಿ ಅದನ್ನು ಮೆಲ್ಲನೆ ಕೆಳಗೆಳೆದ. ಒಳಗಿದ್ದದ್ದು ಕಾವಿ ಖಾದಿ. ಅಲ್ಲಲ್ಲಿ ಬಣ್ಣದ ಕಲೆ, ಎರಡು ಕಡೆ ತೇಪೆ. ಅಂಚಿನಲ್ಲಿ ಇರುವೆಸಾಲಿನಂಥ ಹೊಲಿಗೆ, ಒಂದೂ ಬಿಚ್ಚಿರಲಿಲ್ಲ.

ಶಿವಗಂಗೆ ಗಿಡಕ್ಕೆ ಒರಗಿಕೊಂಡಳು.

"ದಿನಾ ಬಣ್ಣದ ಹಂಡೆ ಮ್ಯಾಲ ಬಗ್ಗಿ ಬಗ್ಗಿ, ಆ ಹಬಿಗೆ ಅರಿವಿ ಹರಿಯಾಕ ಬಂತು" ಎಂದ ಕೇದಾರಿ. "ಹೊಸಾದು ಕಟ್ಟಿಕೊಳ್ಳಾಕ ನನಗ ಮನಸಿಲ್ಲ. ಉಮೆಯವ್ವ ಅದನ್ನ ನೋಡಿದ್ಲು. ಹೊಲಿಗಿ ಯಾರದು ಅಂದ್ಲು. ಹೇಳಿದ್ನಿ. ಹೊಲಿಗಿ ಹಾಕಿದಾಕಿ ಮುಂದ ಇದು ಇನ್ನ ಹರಿಯದಂಗ ಹೋಗಿ ಮುಟ್ಟಬೇಕು ಅಂತ ಮ್ಯಾಲ ಈ ಚೀಲಾ ಮಾಡಿ ಕೊಟ್ಲು."

"ಲಿಂಗ ಮುಟ್ಟಿದ್ಲೇನು?"

"ಇಲ್ಲರಿ. ಮುಟ್ಟಬಾರದಂತ ತಾನ ತಿಳಕೊಂಡ್ಲು. ಅಕ್ಕಿಹಿಟ್ಟಿನ ಉಂಡಿ ಮಾಡಿ ನನ್ನ ಮುಂದ ಇಟ್ಟು, ಇಷ್ಟು ಐತೇನು ಅಂತ ಕೇಳಿದ್ಲು. ಚೂರು ತಗದ್ಲು, ಚೂರು ಹಚ್ಚಿದ್ಲು. ಆ ಉಂಡಿ ಅಳತಿ ಹಿಡದು ಹೊಲದ್ಲು."

ಕಸಬರಿಗೆಯ ಸದ್ದು ನಿಂತಿತ್ತು.

"ಮತ್ತ ಆ ಹುಡುಗಿ...?"

"ಚಿಯೊ, ಉಮೆಯವ್ವನ ಮಗಳು. ಅವರೊಳಗ ಇನ್ನ ಲಗ್ನ ಆಗದ ಹುಡುಗ್ಯಾರು ಉದ್ದ ತೋಳಿಂದು ಉಡತಾರ, ಆದ ಮ್ಯಾಲ ಕತ್ತರಿಸಿ ಗಿಡ್ಡ ಮಾಡ್ತಾರ. ಹೋದ ವರ್ಷ ಆಕಿಗೆ ಅಕ್ಕಿ ವ್ಯಾಪಾರಿ ಮಗನ ಕೂಡ ಲಗ್ನ ಆತು. ಕತ್ತರಿಸಿದ ಆ ತೋಳಿನ ತುಂಡ ಇದು."

ಅನುಮಾನವೆಲ್ಲ ಒಂದೇ ಸಲಕ್ಕೆ ನಾಚಿಕೆಯಾಗಿ ಅವಳ ಮುಖಕ್ಕೆ ಏರಿತು.

"ಪತ್ರದಾಗ ಬರೀಬೇಕಿಲ್ಲೇನ್ರಿ?"

"ನಿಮ್ಮ ಅಪ್ಪಾರು ಪಡಸಾಲ್ಯಾಗ ಕುಂತು ನಾಕು ಮಂದಿ ಮುಂದ ಓದ್ತಾರ. ನಿಮ್ಮ ಮಗಳ ಹೊಲಿಗಿ ಮ್ಯಾಲ ದಿನಾ ಕೈ ಆಡಿಸ್ತೇನಿ ಅಂತ ಅವರಿಗೆ ಹೆಂಗ ಬರೀಲಿ?"

ನಾಚಿಕೆಯ ನಡುವೆಯೂ ಅವಳಿಗೆ ನಗು ಬಂತು.

ಅವನು ತಲೆ ತಗ್ಗಿಸಿದ. "ಖರೆ ಹೇಳ್ಲಿ? ತಾಟಿನ್ಯಾಗ ಹೊಸಾದು ನೋಡಿ ನನಗೂ ಎದಿ ಒಡದಂಗಾತು. ಸಮುದ್ರ ದಾಟಿ ಬಂದವನ ಮೈಮ್ಯಾಲಿನ ಹಳೇದು ನಿಮಗ ಬ್ಯಾಡಾತೇನೋ ಅಂತ... ಮುಟ್ಟಾಕ ಧೈರ್ಯ ಆಗಲಿಲ್ಲ. ಆ ಊರಾಗ ಇದೊಂದು ನನ್ನ ಕೂಡ ಇತ್ತಂತ, ನಾ ಒಬ್ಬಾವ ಅನಸಲಿಲ್ಲ ಗಂಗಾ."

ಗಂಗಾ... ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲ.

ಅಂಗಿಯ ಒಳಜೇಬಿನಿಂದ ಅವನು ಒಂದು ಸಣ್ಣ ಗಂಟು ತೆಗೆದು ಕೊಟ್ಟ. ಅದೇ ನೀಲಿ, ಅದೇ ಹೂವು.

"ತೋಳು ಎರಡಲ್ಲ? ನಮ್ಮಲ್ಲಿ ಹೆಣ್ಮಕ್ಕಳೂ ಲಿಂಗ ಕಟ್ಟತಾರ ಅಂತ ಉಮೆಯವ್ವಗ ಹೇಳಿದ್ನಿ. ಇನ್ನೊಂದು ತೋಳಿಂದು ನಿನಗಂತ ಕೊಟ್ಲು. ಲಗ್ನದ ದಿನ ಕೊಡಬೇಕಂತ ಇಟ್ಟಿದ್ನಿ."

ಕೊಟ್ಟಿಗೆಯಿಂದ ಸೋಮಪ್ಪನ ದನಿ ಕೇಳಿಸಿತು. "ಎತ್ತು ಇನ್ನ ಕುಡಿಯಾಕ ಒಲ್ಲೆ ಅನ್ನಾಕತ್ತಾವ. ಬರ್ಲೇನವಾ?"

"ಬರ್ರಿ ಅಪ್ಪಾ. ದಿನಾ ಗೊತ್ತ ಮಾಡ್ರಿ" ಎಂದಳು ಶಿವಗಂಗೆ. ಲಕ್ಕವ್ವ ಕಸಬರಿಗೆ ಅಲ್ಲಿಯೇ ಬಿಟ್ಟು ವೀಳ್ಯದ ತಟ್ಟೆ ತರಲು ಓಡಿದಳು.

ಶಿವಗಂಗೆ ಗಂಟು ಬಿಚ್ಚಿ ನೋಡಿದಳು. "ಇದಕ್ಕ ಹೊಲಿಗಿ ಹಾಕಿಲ್ಲಲ್ರಿ?"

"ನಿನ್ನ ಅಳತಿ ಉಮೆಯವ್ವಗ ಗೊತ್ತಿಲ್ಲ. ಅಕ್ಕಿಹಿಟ್ಟಿನ ಉಂಡಿ ನಾ ಮಾಡಿ ಕೊಡಲ್ಯಾ?"

"ಬ್ಯಾಡ್ರಿ, ಅದನ್ನೂ ನಾನ ಮಾಡ್ತೇನಿ." ಅವಳು ರೇಷ್ಮೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಾ ಹೊಲಿಯೂಮುಂದ ನೀವು ಬಾಜೂಕ ಕುಂತ್ರ ಸಾಕು."