ಒಂದೇ ಒದೆತಕ್ಕೆ ಎದ್ದ ಯೆಜ್ಡಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚನ್ನಗಿರಿ ಠಾಣೆಗೆ ದೂರು ಬಂತು. ಕೊಟ್ಟವನು ವೆಂಕಟೇಶ್, ಹೊಸ ಹೋಟೆಲು ತೆರೆಯಲು ಓಡಾಡುತ್ತಿದ್ದವನು. ಹೋಟೆಲಿನ ಮುಂದೆ ನಿಲ್ಲಿಸಿದ್ದ ಅವನ ಹಳೇ ಯೆಜ್ಡಿ ಬೈಕು ಬೆಳಗಿನ ಜಾವ ಕಳುವಾಗಿತ್ತು.

"ಕೀ ಎಲ್ಲೈತ್ರಿ?" ಪಿಎಸ್‌ಐ ಶೈಲಾ ಕೇಳಿದಳು.

"ಜೇಬಲ್ಲೇ ಐತ್ರಿ ಮೇಡಂ. ಆದ್ರೆ ಆ ಗಾಡಿಗೆ ಮೊಳೆ ತಿರುವಿದ್ರೂ ಸಾಕು."

"ದಿನಾ ಓಡಿಸ್ತಿದ್ರಾ?"

"ಓಡ್ಸಾಕಲ್ರಿ ತಂದಿದ್ದು. ಇಂಜಿನ್ ಕಿತ್ತು, ಬಣ್ಣ ಹೊಡ್ಸಿ, ಹೋಟ್ಲು ಗೋಡೆಗೆ ನೇತಾಕೋನಿದ್ದೆ. ಮಂದಿ ಸೆಲ್ಫಿ ತಗೊಂತಾರೆ."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕೆಂಚೇಶನ ಪೆನ್ನು ನಿಂತಿತು. ಜಗಳೂರಿನ ಅವನ ಮನೆಯಲ್ಲಿ ಅಪ್ಪನ ಹಳೇ ರಾಜದೂತ್ ಬೈಕು ಇನ್ನೂ ಓಡುತ್ತದೆ. "ಅಯ್ಯೋ ಪಾಪಿ!" ಎಂದು ಬಾಯೊಳಗೇ ಗೊಣಗಿ ಮುಂದೆ ಬರೆದ. ಎಫ್‌ಐಆರ್ ದಾಖಲಾಯಿತು, ಬಿಎನ್‌ಎಸ್ ಕಲಂ 303(2), ಕಳವು.

ಸ್ಥಳ ಪಂಚನಾಮೆಗೆ ಹೋದಾಗ ಸಿಕ್ಕಿದ್ದು ನೆಲದ ಮೇಲೊಂದು ಎಣ್ಣೆ ಕಲೆ, ಮತ್ತೆ ಎದುರು ಮನೆ ಗಾದ್ರಮ್ಮ. ಕಲೆ ಏನೂ ಹೇಳಲಿಲ್ಲ. ಗಾದ್ರಮ್ಮ ಕೇಳುವ ಮೊದಲೇ ಶುರು ಮಾಡಿದಳು.

"ಐದೂವರೆಗೆ ಸದ್ದು ಕೇಳ್ತವ್ವ. ಈ ಯಪ್ಪ ಗಾಡಿ ತಂದ ದಿನ ಒದ್ದೂ ಒದ್ದೂ ಬೆವರು ಕಿತ್ಗೊಂಡಿದ್ದ, ಓಣಿಯೋರೆಲ್ಲ ಬಿದ್ದೂ ಬಿದ್ದೂ ನಕ್ಕಿದ್ವಿ. ಇವತ್ತು ಒಂದೇ ಒದೆತಕ್ಕೆ ಎದ್ದುಬಿಡ್ತು. ಬ್ಯಾರೆ ಯಾರದೋ ಗಾಡಿ ಅನ್ಕಂಡು ಮಗ್ಗಲು ಬದ್ಲಾಯಿಸ್ದೆ."

ಶೈಲಾಗೆ ಅಷ್ಟೇ ಸಾಕಾಯಿತು. ಇಂಥ ಗಾಡಿಗಳದು ಮೊಂಡು ಎಮ್ಮೆಯ ಬುದ್ಧಿ. ಹಾಲು ಕರೆಯುವ ಕೈ ಬದಲಾದರೆ ಕಾಲು ಜಾಡಿಸುತ್ತವೆ. ಇದು ಗುರುತಿನ ಕಾಲಿಗೇ ಎದ್ದಿದೆ.

"ಯಾರಿಂದ ತಗೊಂಡ್ರಿ ಇದನ್ನ?" ವೆಂಕಟೇಶನನ್ನು ಕೇಳಿದಳು.

"ನ್ಯಾಮತಿ ತಿಪ್ಪೇಶಪ್ಪ ಅಂತ, ರಿಟೈರ್ಡ್ ಲೈನ್‌ಮನ್. ಬಿದ್ದು ತೊಡೆ ಮುರ್ಕೊಂಡು ರಾಡು ಹಾಕಿಸ್ಕೊಂಡಾರೆ. ಅದಕ್ಕೇ ಮಾರಿದ್ರು."

ಪೇಟೆಯ ಕ್ಯಾಮೆರಾದಲ್ಲಿ ಕಂಡಿದ್ದು ಹೆಲ್ಮೆಟ್ಟು, ಉದ್ದನೆ ಜರ್ಕಿನ್ನು, ಹಿಂದೆ ಒಂದು ಮೊಳ ಹೊಗೆ. ಗಾಡಿ ಬಸವಾಪಟ್ಟಣದ ಕಡೆ ತಿರುಗಿತ್ತು. ಕೆಂಚೇಶ್ ತಲೆ ಕೆರೆದುಕೊಂಡ.

"ನ್ಯಾಮತಿಗೆ ಹೋಗೋನು ನೆಟ್ಟಗೆ ಹೊನ್ನಾಳಿ ರಸ್ತೆ ಹಿಡೀಬೇಕಲ್ಲ ಮೇಡಂ? ಮದುವೆ ದಿಬ್ಬಣ ಹೊಂಟಂಗೆ ಸುತ್ತಾಕ್ಕೊಂಡು ಹೊಂಟಾನಲ್ಲ ಕಳ್ಳ!"

ಬಸವಾಪಟ್ಟಣದ ಪೆಟ್ರೋಲ್ ಬಂಕಿನವನಿಗೆ ನೆನಪಿತ್ತು. "ಮುಖ ನೋಡ್ಲಿಲ್ಲ, ಮಾತೂ ಆಡ್ಲಿಲ್ರಿ. ಪೆಟ್ರೋಲಿಗೆ ಬೆರೆಸಾಕೆ ಎಣ್ಣೆ ಬಾಟ್ಲಿ ತಾವೇ ತಂದಿದ್ರು. ಹಾಕಿದ ಮ್ಯಾಲೆ ಗಾಡಿನ ಆ ಕಡೆ ಈ ಕಡೆ, ಕೂಸಿನ ತೊಟ್ಲು ತೂಗಿದಂಗೆ ತೂಗಿದ್ರು."

ಮಧ್ಯಾಹ್ನ ಮೂರಕ್ಕೆ ಜೀಪು ನ್ಯಾಮತಿ ಮುಟ್ಟಿತು. ಯೆಜ್ಡಿ ತಿಪ್ಪೇಶಪ್ಪನ ಹಿತ್ತಲಲ್ಲೇ ಇತ್ತು, ಮೈಮೇಲೆ ಕೌದಿ ಹೊದ್ದುಕೊಂಡು. ವಾಕರ್ ಹಿಡಿದು ಕುಂತಿದ್ದ ತಿಪ್ಪೇಶಪ್ಪ ಪೊಲೀಸರನ್ನು ಕಂಡದ್ದೇ ತಡ, "ನಾನೇ ತಂದಿದ್ದು" ಎಂದ.

"ತೊಡೇಲಿ ರಾಡು ಇಟ್ಕೊಂಡಾ?" ಶೈಲಾ ಕೇಳಿದಳು.

"ಹ್ಞೂಂ."

"ಹಂಗಾದ್ರೆ ಒದೀರಿ, ನೋಡಾಣ."

ಯೆಜ್ಡಿಯ ಕಿಕ್ಕು ಎಡಗಡೆ. ರಾಡು ಹಾಕಿದ್ದೂ ಎಡಗಾಲಿಗೇ. ಆದರೂ ತಿಪ್ಪೇಶಪ್ಪ ವಾಕರ್ ಬಿಟ್ಟು ಹ್ಯಾಂಡಲ್ ಹಿಡಿದ. ಕಾಲೆತ್ತುವಾಗ ಮುಖವೆಲ್ಲ ಬೆವರು. ಒಳಗಿಂದ ಹೆಂಡತಿ ಅಂಜಮ್ಮ ಓಡಿ ಬಂದಳು.

"ಸಾಕು ಬಿಡ್ರೀ! ಆ ರಾಡು ಬಗ್ಗಿದ್ರೆ ಮತ್ತೆ ನಿಮ್ಮನ್ನ ಎತ್ತಿ ಕುಂದ್ರಿಸೋಳು ನಾನೇ."

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪೆಟ್ರೋಲ್ ಕಾಕ್ ತಿರುವಿದಳು. ಕೂದಲಿನ ಪಿನ್ನು ಕೀ ತೂತಿಗೆ ಹಾಕಿ ಒಂದೇ ಒಂದು ಸಲ ಒದ್ದಳು. ಗಾಡಿ ಕೆಮ್ಮಿ, ಹೊಗೆ ಉಗುಳಿ, ಡುಗುಡುಗು ಅಂತ ಹದಕ್ಕೆ ಬಂತು. ತಿಪ್ಪೇಶಪ್ಪ ಕಣ್ಣು ಮುಚ್ಚಿ ಅದನ್ನೇ ಕೇಳುತ್ತ ನಿಂತ.

"ಇಪ್ಪತ್ತೆಂಟು ವರ್ಷ ನಾನು ಸ್ನಾನ ಮುಗಿಸೋದ್ರಾಗೆ ಇವಳೇ ಇದನ್ನ ಎಬ್ಬಿಸಿ ಇಡ್ತಿದ್ಲು ಮೇಡಂ. ಹೋಟ್ಲಿನ ಆಯಪ್ಪನೇ ವಾಪಸ್ ಕೊಟ್ಟ ಅಂದ್ಲು. ನಾನು ನಂಬಿದಂಗೆ ಮಾಡ್ದೆ."

"ಮಾರಿಸ್ದೋಳೂ ನಾನೇ," ಅಂಜಮ್ಮ ಅಂದಳು. "ಗಾಡಿ ಇದ್ರೆ ಮತ್ತೆ ಹತ್ತುತಾರೆ, ಮತ್ತೆ ಬೀಳ್ತಾರೆ ಅಂತ ಹೆದರಿಕೆ. ಆಮ್ಯಾಲೆ ಗೋಡೆಗೆ ನೇತಾಕ್ತಾರೆ ಅಂತ ಗೊತ್ತಾತು. ದುಡ್ಡು ಹಿಡ್ಕಂಡು ಹೋಗಿ ಕೈ ಮುಗುದ್ರೆ ಆಯಪ್ಪ ನಕ್ಕ. ನಿನ್ನೆ ಚನ್ನಗಿರಿಗೆ ತಂಗಿ ಮನೆಗೆ ಅಂತ ಹೋದೋಳು, ಬೆಳಿಗ್ಗೆ ಇದನ್ನ ಹತ್ತಿ ಬಂದೆ."

"ಎಷ್ಟರಾಗೆ ಓಡಿಸ್ದೆ?" ಅಂತ ಗಂಡ ಕೇಳಿದ.

"ನಲವತ್ತು."

"ಸಾಕು. ಅದರ ಮ್ಯಾಲೆ ಹೋದ್ರೆ ನಡುಗತೈತೆ."

ಜಪ್ತಿ ಪಂಚನಾಮೆ ಮುಗಿಯಿತು. ಅಂಜಮ್ಮನ ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕೆಂಚೇಶ್ ಕೇಳಿದ, ಕೇಳಲೇಬೇಕು, ಕಾನೂನು. "ಇವ್ರಿಗೇ ತಿಳಿಸ್ರಿ," ಅಂದಳು ಅಂಜಮ್ಮ. ಪಕ್ಕದಲ್ಲೇ ನಿಂತಿದ್ದ ತಿಪ್ಪೇಶಪ್ಪ ಸಹಿ ಹಾಕಿದ.

"ಮುಂದೆ ಗಾಡಿ ಗೋಡೆಗೇನಾ ಮೇಡಂ?" ಅಂದ.

"ಕೋರ್ಟು ಹೇಳೋವರೆಗೂ ಅದರ ಇಂಜಿನ್‌ಗೆ ಯಾರೂ ಕೈ ಹಚ್ಚಂಗಿಲ್ಲ. ವೆಂಕಟೇಶ್ ಹತ್ರ ನಾನೂ ಮಾತಾಡ್ತೀನಿ," ಅಂದಳು ಶೈಲಾ.

ಚಾಲೂ ಇದ್ದ ಯೆಜ್ಡಿಯನ್ನು ಕೆಂಚೇಶ್ ಹತ್ತಿದ. "ಆಫ್ ಮಾಡಬ್ಯಾಡಪ್ಪೋ, ಮತ್ತೆ ನಿನ್ನ ಕೈಲಿ ಎದ್ದೇಳಲ್ಲ," ಎಂದು ಅಂಜಮ್ಮ ಜೀಪಿನಿಂದಲೇ ಕೂಗಿದಳು.

ಹೊನ್ನಾಳಿ ಸೇತುವೆ ದಾಟಿದ ಮೇಲೆ ಶೈಲಾ ಕೇಳಿದಳು. "ಒಂದು ಮಾತು ಹೇಳ್ರಿ ಅಂಜಮ್ಮಾರೆ. ಬಸವಾಪಟ್ಟಣ ಯಾಕೆ ಸುತ್ತಿದ್ರಿ? ಸಿಕ್ಕಿ ಬೀಳ್ತೀನಿ ಅಂತ ಹೆದರಿಕೆ ಆಗ್ಲಿಲ್ವಾ?"

ಅಂಜಮ್ಮ ಮುಂದೆ ಹೋಗುತ್ತಿದ್ದ ಗಾಡಿಯ ಹೊಗೆ ನೋಡುತ್ತಿದ್ದಳು.

"ಗಂಡನ ಸಲುವಾಗಿ ಕದ್ಲು ಅಂತ ಬರ್ಕೊಂತೀರಿ. ಅದೂ ನಿಜಾನೇ. ಆದ್ರೆ ಇಪ್ಪತ್ತೆಂಟು ವರ್ಷ ನಾನು ಎಬ್ಬಿಸಿದ್ದು, ಕುಂತಿದ್ದು ಮಾತ್ರ ಹಿಂದ್ಗಡೆ ಸೀಟಲ್ಲಿ. ನಮ್ಮ ಓಣಿ ದಾಟಿ ಅದರ ಹ್ಯಾಂಡ್ಲು ಹಿಡಿದೋಳೇ ಅಲ್ಲ. ಇವತ್ತು ಮುಂದೆ ಕುಂತೆ ನೋಡವ್ವ, ಇಷ್ಟು ಬೇಗ ಊರು ಬಂದುಬಿಡತೈತಲ್ಲ ಅಂತ ಸಂಕಟ ಆತು. ಅದಕ್ಕೇ ಸುತ್ತಿದೆ."

ಹೊತ್ತು ಮುಳುಗುವುದರೊಳಗೆ ಠಾಣೆ ಸೇರಬೇಕಿತ್ತು. ಶೈಲಾ ಗಡಿಯಾರ ನೋಡಿಕೊಂಡಳು, ಇನ್ನೂ ಟೈಮಿತ್ತು. ಕೆಂಚೇಶನಿಗೆ ಫೋನ್ ಹಚ್ಚಿ ಹೇಳಿ, ಡ್ರೈವರ್ ಕಡೆ ತಿರುಗಿದಳು.

"ಬಸವಾಪಟ್ಟಣದ ಮ್ಯಾಲೆ ಹೋಗಪ್ಪ."