ಆರನೇ ಚೀಟಿ

"ಈ ಹನ್ನೊಂದು ಟ್ಯೂಬ್ ರಕ್ತ ಲೆಕ್ಕಕ್ಕೆ ಬರಲ್ಲ!"

ಎಲ್ಲರೆದುರೇ ಅವನು ನರ್ಸಮ್ಮನ ಪಟ್ಟಿಯ ಮೇಲೆ ಹಸಿರು ಶಾಯಿಯಲ್ಲಿ ಗೆರೆ ಎಳೆದ. ಸಮೀಕ್ಷೆಯ ಲೆಕ್ಕದ ಅಧಿಕಾರಿಯಾಗಿ ಅವನು ಬಂದು ಎರಡೇ ದಿನ. ಅವಳ ಕಣ್ಣು ತುಂಬಿತು.

ಊರಲ್ಲಿ ಎಷ್ಟು ಜನರಿಗೆ ವೈರಸ್ ತಗುಲಿದೆ ಎಂದು ತಿಳಿಯಲು, ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ರಕ್ತಪರೀಕ್ಷೆ ನಡೆಯುತ್ತಿತ್ತು. ಆರಿಸಿದ ಮನೆಗೆ ಬೀಗವಿದ್ದರೆ ಅವಳು ಪಕ್ಕದ ಮನೆಯವರ ರಕ್ತ ತೆಗೆದಿದ್ದಳು. ಅಷ್ಟೇ ತಪ್ಪು!

"ಯಾರದಾದ್ರೇನು ಸಾರ್, ರಕ್ತ ರಕ್ತವೇ ಅಲ್ವಾ?"

"ಬೀಗ ಹಾಕಿ ಹೋದೋರು ಬಸ್ಸಲ್ಲಿ, ಮಾರ್ಕೆಟ್ಟಲ್ಲಿ ನೂರು ಜನರ ಮಧ್ಯೆ ಓಡಾಡೋರು. ಸೋಂಕು ಹೆಚ್ಚು ತಗುಲೋದೇ ಅವರಿಗೆ. ಅವರನ್ನ ಬಿಟ್ರೆ ಲೆಕ್ಕ ಸುಳ್ಳಾಗುತ್ತೆ. ಮೂರು ಸಲ ಹೋಗಿ, ಸಿಗದಿದ್ದಾಗೆಲ್ಲ ಬಾಗಿಲಿಗೆ ಚೀಟಿ ಸಿಕ್ಕಿಸಿ ಬನ್ನಿ."

ಮಾತು ನ್ಯಾಯವೇ. ಆದರೆ ನ್ಯಾಯದ ಮಾತೂ ನಾಲ್ಕು ಜನರ ಮುಂದೆ ಚುಚ್ಚುತ್ತದೆ.

ಅವಳ ಅಮ್ಮ ತೀರಿಹೋಗಿ ಎರಡು ವರ್ಷ. ಬೆಳಿಗ್ಗೆ ತಾನೇ ಹಾಕಿದ ಬೀಗವನ್ನು ಸಂಜೆ ತಾನೇ ತೆಗೆಯಬೇಕು. ಒಂದು ತಟ್ಟೆ, ಒಂದು ಲೋಟ. ಊರೆಲ್ಲರ ಬಾಗಿಲು ತಟ್ಟುವವಳ ಬಾಗಿಲು ತಟ್ಟುವವರೇ ಇಲ್ಲ...

ಒಂದು ಸಂಜೆ ಬಾಗಿಲ ಸಂದಿಯಲ್ಲಿ ಚೀಟಿ!

'ಸಮೀಕ್ಷೆಗೆ ಬಂದಿದ್ದೆ. ಬೀಗವಿತ್ತು. ಮತ್ತೆ ಬರುವೆ.' ಅದೇ ಹಸಿರು ಶಾಯಿ.

ಅವಳು ಎರಡೆರಡು ಸಲ ಓದಿದಳು. 'ಕೆಲಸದ ಹೊತ್ತಲ್ಲಿ ಮನೆಗೆ ಬಂದು ಮಲಗ್ತೀನಾ ಅಂತ ನೋಡೋಕೆ ಬಂದಿದ್ದನಾ?'

ಎರಡನೆಯದು ಬಂತು. ಮೂರನೆಯದು... ಐದು! ಬೈದುಕೊಂಡೇ ಉಪ್ಪಿನ ಡಬ್ಬಿಯ ಕೆಳಗಿಟ್ಟಳು. ಹರಿದು ಹಾಕಲು ಯಾಕೋ ಕೈ ಬರಲಿಲ್ಲ.

ಶನಿವಾರ ರಾಜೀನಾಮೆ ಬರೆದಿಟ್ಟಳು. ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಆರನೇ ಚೀಟಿ ಹಿಡಿದು ಅವನೇ ನಿಂತಿದ್ದ!

"ನನ್ನ ಮೇಲೆ ಅಷ್ಟೊಂದು ಅನುಮಾನವಾ? ನಾಳೆಯೇ ಕೆಲಸ ಬಿಡ್ತೀನಿ. ಸಾಕು ನಿಮ್ಮ ಕಾವಲು!"

"ಅಯ್ಯೋ, ಕಾವಲಾ?"

ಅವನು ಪಟ್ಟಿ ಚಾಚಿದ. ಅವಳ ಬೀದಿ ಬೇರೆ ತಂಡದ್ದು, ಆ ಪಟ್ಟಿಯನ್ನು ಅವಳು ನೋಡೇ ಇರಲಿಲ್ಲ. ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ಅವಳದೂ ಇತ್ತು!

"ಆಫೀಸಲ್ಲೇ ಒಂದು ಮಾತು ಹೇಳಿದ್ರೆ ರಕ್ತ ಕೊಡೋಕೆ ಕೈ ಚಾಚ್ತಿದ್ದೆನಲ್ಲ?"

"ಗೊತ್ತಿತ್ತು."

"ನಿಯಮ ಮೂರೇ ಸಲ. ನೀವು ಆರು ಸಲ..."

"ಮೂರು ಸಲ ನಿಯಮಕ್ಕೆ ಬಂದೆ. ಆಮೇಲೆ..." ಅವನು ತಲೆ ತಗ್ಗಿಸಿದ. "ಪಕ್ಕದ ಮನೆ ಅಜ್ಜಿ, 'ಎರಡು ವರ್ಷದಲ್ಲಿ ಈ ಬಾಗಿಲಿಗೆ ಬಂದೋನು ನೀನೊಬ್ಬನೇ ಕಣಪ್ಪಾ' ಅಂದ್ರು. ನನ್ನ ರೂಮಿನ ಬಾಗಿಲೂ ಹಾಗೇ. ಸಂಜೆ ಬಂದಾಗ ನಿಮಗೊಂದು ಚೀಟಿಯಾದ್ರೂ ಕಾದಿರಲಿ ಅನ್ನಿಸ್ತು. ಆವತ್ತು ಎಲ್ಲರೆದುರು ಹಾಗನ್ನಬಾರದಿತ್ತು... ತಪ್ಪಾಯ್ತು."

ಅವಳು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

"ಒಳಗೆ ಬನ್ನಿ. ರಕ್ತ ತೆಗೀರಿ."

"ನಾನಾ? ಸೂಜಿ ಕಂಡ್ರೆ ನಂಗೆ ತಲೆ ಸುತ್ತುತ್ತೆ! ರಕ್ತ ಆ ತಂಡದವರು ಬಂದು ತೆಗೀತಾರೆ, ನಾನು ಪ್ರಶ್ನೆ ಮಾತ್ರ ಕೇಳ್ತೀನಿ. ಮನೇಲಿ ಎಷ್ಟು ಜನ?"

ಅವಳು ಅಟ್ಟದ ಮೇಲೆ ಎತ್ತಿಟ್ಟಿದ್ದ ಅಮ್ಮನ ಲೋಟ ಇಳಿಸಿ ತೊಳೆದಳು. ಚಹಾ ಬಗ್ಗಿಸಿ, ಮೇಜಿನ ಮೇಲಿದ್ದ ರಾಜೀನಾಮೆಯ ಹಾಳೆಯ ಮೇಲೇ ಇಟ್ಟಳು.

"ಒಬ್ಬಳೇ... ಇವತ್ತಿಗೆ ಹಾಗೇ ಬರ್ಕೊಳ್ಳಿ. ನಿಮಗೆ ಸುಳ್ಳು ಲೆಕ್ಕ ಆಗಲ್ಲವಲ್ಲ!"

"ಮತ್ತೆ ಬರಲಾ?"

"ಬನ್ನಿ. ಚೀಟಿ ಬೇಡ."